ಬೆಳಕಿಂಡಿ ಮುಚ್ಚಿದ ಚಳಿಗಾಲ

ಮನೆಯಲ್ಲಿ ಮೊಮ್ಮಕ್ಕಳು ನನ್ನನ್ನು ಕಿಡಕಿ ಮುತ್ಯಾ ಎಂದು ಕರೆಯುತ್ತಾರೆ. ಯಾರ ಮನೆಗೆ ಹೋದರೂ ಮೊದಲು ನನ್ನ ಕಣ್ಣು ಕಿಟಕಿ ಎಲ್ಲಿದೆ, ಅದರ ಕೊಂಡಿ ತೆಗೆಯಲು ಬರುತ್ತದೋ ಇಲ್ಲವೋ ಎಂದು ಹುಡುಕುತ್ತದೆ. ಎಂಥ ಚಳಿಯಲ್ಲೂ ನಾನು ಮಲಗುವ ಕೋಣೆಯ ಬಾಗಿಲು ಅರ್ಧ ತೆರೆದೇ ಇರಬೇಕು. “ಮುತ್ಯಾಗ ಕಳ್ಳರ ಮ್ಯಾಲ ಭಾಳ ಪ್ರೀತಿ” ಎಂದು ಹುಡುಗರು ನಗುತ್ತಾರೆ. ನಗಲಿ. ಹೋದ ತಿಂಗಳು ಶಹಾಬಾದಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಬೆಳಗಿನ ಚಳಿಗೆ ಹಿರಿಯರು ನಡುಗುತ್ತಿದ್ದಾರೆಂದು ಅಡುಗೆಯವರು ಕಲ್ಲಿದ್ದಲಿನ ಕೆಂಡವನ್ನು ಒಂದು ಕಬ್ಬಿಣದ ಬುಟ್ಟಿಯಲ್ಲಿ ಹಾಕಿ, ನಾವು ಕೂತಿದ್ದ ಕೋಣೆಗೆ ತಂದಿಟ್ಟು, ಬಾಗಿಲು ಎಳೆದುಕೊಂಡು ಹೋದರು. ಬಾಗಿಲು ಮುಚ್ಚಿದ್ದೇ ತಡ, ನಾನು ಎದ್ದು ಬುಟ್ಟಿಯನ್ನು ಬರಿಗೈಯಲ್ಲಿ ಎತ್ತಿ ಅಂಗಳಕ್ಕೆ ಒಯ್ದುಬಿಟ್ಟೆ. ಅಂಗೈ ಸುಟ್ಟಿತು. ಬೀಗರೆಲ್ಲ ಬಾಯಿ ತೆರೆದು ನೋಡಿದರು.

“ಏನಾತ್ರಿ ಯಜಮಾನ್ರ?” ಎಂದು ಒಬ್ಬರು ಕೇಳಿದರು.

“ಸೆಕಿ ಆಗ್ಲಿಕತ್ತಿತ್ರಿ” ಅಂದೆ. ಪುಷ್ಯಮಾಸದ ಮುಂಜಾನೆ ಆರು ಗಂಟೆಗೆ ಸೆಕೆ! ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿಜ ಹೇಳಲು ಹೋದರೆ ಒಂದು ಇಡೀ ತಿಂಗಳನ್ನು ಹೇಳಬೇಕಾಗುತ್ತಿತ್ತು. ಅದನ್ನು ಮದುವೆ ಮನೆಯಲ್ಲಿ ಹೇಳುವಂತಿರಲಿಲ್ಲ.

ಆಗ ರಾಜ್ಯಕ್ಕೆ ಇನ್ನೂ ಮೈಸೂರು ಅಂತಲೇ ಹೆಸರು. ನಾನು ವಾಡಿ ಜಂಕ್ಷನ್ನಿನಲ್ಲಿ ಫಾಯರಮನ್. ಇಂಜಿನ್ನಿನ ಒಲೆಗೆ ಕಲ್ಲಿದ್ದಲು ಎಸೆಯುವುದು, ಒಲೆ ಕೆದಕುವುದು, ಬೂದಿ ತೆಗೆಯುವುದು ನನ್ನ ಕೆಲಸ. ಮದುವೆಯಾಗಿ ಎರಡು ವರ್ಷವಾಗಿತ್ತು. ಹೆಂಡತಿ ಮಹಾದೇವಿ ಚೊಚ್ಚಲ ಬಸುರಿ. ಪದ್ಧತಿಯಂತೆ ಏಳನೆಯ ತಿಂಗಳಿಗೆ ತವರಿಗೆ ಹೋಗಿದ್ದಳು. ಅವಳ ತವರು ಸೇಡಂನಿಂದ ಎರಡು ಹರದಾರಿ, ಕಾಗಿಣಾ ನದಿಯ ಆಚೆ ದಂಡೆಯ ಒಂದು ಚಿಕ್ಕ ಹಳ್ಳಿ. ಮಾವನವರದು ಹೊಳೆಯನ್ನೇ ನಂಬಿದ ಮನೆತನ. ಮಳೆಗಾಲದಲ್ಲಿ ಹರಗೋಲು ಹಾಕಿ ಜನರನ್ನು ದಾಟಿಸುತ್ತಿದ್ದರು, ಉಳಿದ ಕಾಲ ಮೀನು ಹಿಡಿಯುತ್ತ ಒಂದಿಷ್ಟು ಹೊಲ ಮಾಡುತ್ತಿದ್ದರು.

ಆ ಮನೆಯಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ಸಲಿಗೆ ಇದ್ದದ್ದು ಗಂಗಮ್ಮ ಆಯಿಯ ಜೊತೆ. ಅವಳು ನನ್ನ ಅತ್ತೆಯ ತಾಯಿ, ಮಗಳ ಮನೆಯಲ್ಲೇ ಇದ್ದವಳು. ಹಲ್ಲೆಲ್ಲ ಹೋಗಿದ್ದವು, ನಾಲಿಗೆ ಮಾತ್ರ ಹರೆಯದಲ್ಲೇ ಇತ್ತು. ಮದುವೆಯಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇವಗ ಇಂಜಿನ್ನಿನಾಗ ಇದ್ದಲಿ ಹಾಕ್ಲಿಕ್ಕೆ ಇಟ್ಟಾರೋ, ಇದ್ದಲಿ ಅಂತ ಇವನ್ನೇ ಹಾಕ್ತಾರೋ?” ಎಂದು ಕೇಳಿದ್ದಳು. ನನ್ನ ಬಣ್ಣ ಅಂಥದು. ಹಂದರದ ಜನವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಅಂದಿನಿಂದ ಅವಳು ನನ್ನನ್ನು ಇದ್ದಲಿ ಅಳಿಯಾ ಎಂದೇ ಕರೆಯುತ್ತಿದ್ದಳು.

ಆ ವರ್ಷದ ಚಳಿ ಎಳ್ಳಮಾಸಿ ಅಮಾವಾಸ್ಯೆಗೆ ಮುಂಚೆಯೇ ಬಂತು. ನಮ್ಮದು ಬಿಸಿಲ ನಾಡು. ನೆಲಕ್ಕೂ ಗೋಡೆಗೂ ಮಾಳಿಗೆಗೂ ಪರಸಿ ಎಂಬ ಚಪ್ಪಡಿ ಕಲ್ಲೇ. ಬೇಸಿಗೆಯಲ್ಲಿ ತಂಪಾಗಿರಲೆಂದು ಕಟ್ಟಿದ ಮನೆಗಳು ಆ ತಿಂಗಳು ನಮ್ಮನ್ನು ಹೆದರಿಸಿಬಿಟ್ಟವು. ಬರಿಗಾಲು ನೆಲಕ್ಕೆ ಇಟ್ಟರೆ ಜೀವ ಝಲ್ಲೆನ್ನುತ್ತಿತ್ತು. ರಾವೂರಿನ ಕಲ್ಲಿನ ಗಣಿಯಲ್ಲಿ ಬಿಸಿಲು ಏರುವ ತನಕ ಯಾರಿಗೂ ಉಳಿ ಹಿಡಿಯಲು ಆಗುತ್ತಿರಲಿಲ್ಲ. ತೊಗರಿ ಹೂವು ಸುಟ್ಟಂತೆ ಕಪ್ಪಾಗಿ ಉದುರಿತು. ನಮ್ಮಲ್ಲಿ ಸ್ವೆಟರ್ ಎಂದರೆ ಸ್ಟೇಷನ್ ಮಾಸ್ತರರಿಗೆ ಒಂದು, ಡಾಕ್ಟರಿಗೆ ಒಂದು. ಉಳಿದವರೆಲ್ಲ ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ತಿರುಗಿದೆವು.

ಸ್ಟೇಷನ್ನಿನ ಕ್ಯಾಂಟೀನಿನಲ್ಲಿ ರೇಡಿಯೋ ಇತ್ತು. ವಾರ್ತೆ ಹಚ್ಚಿದರೆ ಚಳಿಯದೇ ಸುದ್ದಿ. ಕಾಶ್ಮೀರದಲ್ಲಿ ದಾರಿ ಮುಚ್ಚಿವೆ, ದಿಲ್ಲಿಯಲ್ಲಿ ಮಂಜಿಗೆ ಎದುರು ನಿಂತ ಮನುಷ್ಯ ಕಾಣುವುದಿಲ್ಲ, ಬಿಹಾರದಲ್ಲಿ ಬೀದಿಯಲ್ಲಿ ಮಲಗಿದವರು ಏಳಲಿಲ್ಲ. ದೇಶಕ್ಕೆ ದೇಶವೇ ಮುದುಡಿ ಕೂತಿತ್ತು. ನಾವು ಅದನ್ನು ಕಿವಿಯಲ್ಲಿ ಕೇಳುವುದಕ್ಕಿಂತ ಹೆಚ್ಚಾಗಿ ರೈಲಿನಲ್ಲಿ ಕಾಣುತ್ತಿದ್ದೆವು. ಉತ್ತರದಿಂದ ಮುಂಬಯಿ ಮೇಲೆ ಬರುವ ಗಾಡಿಗಳು ಅರ್ಧ ದಿನ, ಒಂದು ದಿನ ತಡವಾಗಿ ಬರುತ್ತಿದ್ದವು. ಟಪಾಲೂ ಅವುಗಳ ಜೊತೆಗೇ ತಡ. ನಮ್ಮ ಕಡೆಯೂ ಊರೂರಿಗೆ ಒಂದೆರಡು ಮುದಿಜೀವ ಹೋಗುತ್ತಿದ್ದವು. “ಥಂಡಿಗಿ ಹೋದ” ಎಂದರೆ ಮುಗಿಯಿತು, ಯಾರೂ ಮುಂದೆ ಕೇಳುತ್ತಿರಲಿಲ್ಲ.

ಎಳ್ಳಮಾಸಿಯಾದ ಮೂರನೆಯ ದಿನ ಮಹಾದೇವಿಯ ತಮ್ಮ ಬಸಣ್ಣ ಸಕ್ಕರೆ ಹಿಡಿದುಕೊಂಡು ವಾಡಿಗೆ ಬಂದ. ಬಸಣ್ಣ ನನಗಿಂತ ಚಿಕ್ಕವನು, ಮಾತು ಕಡಿಮೆ.

“ಹೆಣ್ಣ ಕೂಸು, ಮಾಮಾ. ಇಬ್ಬರೂ ಹಸನ ಇದ್ದಾರ” ಎಂದು ನನ್ನ ಬಾಯಿಗೆ ಸಕ್ಕರೆ ಹಾಕಿದ. ಆಮೇಲೆ, “ಥಂಡಿ ಒಂದು ಭಾಳ ಅದ. ಕೂಸಿನ ಕೈಕಾಲು ತಣ್ಣಗ ಆಗ್ತಾವ. ಕುಳ್ಳು ಹಚ್ಚಿದ್ರ ಖೋಲಿ ತುಂಬ ಹೊಗಿ. ಬೆಳಕಿಂಡಿ ತಗದ್ರ ಹೊಗಿ ಹೋಗ್ತದ, ಥಂಡಿ ಬರ್ತದ. ಅವ್ವ ಏನ ಮಾಡಬೇಕು ಅಂತ ತಿಳೀದಂಗ ಆಗ್ಯಾಳ” ಅಂದ.

ನಮ್ಮ ಕಡೆಯ ಬಾಣಂತನ ಕಾಣದವರಿಗೆ ಇಷ್ಟು ಹೇಳಬೇಕು. ಬಾಣಂತಿಯನ್ನು ಒಳಕೋಣೆಯಲ್ಲಿ ಹೊರಸಿನ ಮೇಲೆ ಮಲಗಿಸುತ್ತಾರೆ. ಹೊರಸಿನ ಕೆಳಗೆ ಶೆಗಡಿಯಲ್ಲಿ ಕೆಂಡ ಇಟ್ಟು ಮೈ ಕಾಯಿಸುತ್ತಾರೆ. ಮಾಳಿಗೆ ಮನೆಯ ಆ ಕೋಣೆಗೆ ಕಿಟಕಿ ಇರುವುದಿಲ್ಲ. ನೆತ್ತಿಯ ಮೇಲೆ ಮಾಳಿಗೆಯಲ್ಲಿ ಒಂದು ಗೇಣಗಲದ ತೂತು, ಅದೇ ಬೆಳಕಿಂಡಿ. ಬೆಳಕು ಬರುವುದೂ ಅಲ್ಲಿಂದಲೇ, ಹೊಗೆ ಹೋಗುವುದೂ ಅಲ್ಲಿಂದಲೇ. ಮಳೆ ಬಂದರೆ ಒಬ್ಬರು ಮಾಳಿಗೆ ಹತ್ತಿ ಅದರ ಮೇಲೆ ಒಂದು ಪರಸಿ ಎಳೆಯುತ್ತಾರೆ.

ಬಸಣ್ಣನ ಮಾತು ಕೇಳಿ ನನ್ನ ತಲೆ ಓಡಿತು. ಬೆಂಕಿಯೇ ನನ್ನ ಕಸುಬಲ್ಲವೇ! ಇಂಜಿನ್ನಿನ ಒಲೆಯಿಂದ ಕೆದಕಿ ತೆಗೆದ ಅರೆಬೆಂದ ಕಲ್ಲಿದ್ದಲು ಬೂದಿಗುಂಡಿಯಲ್ಲಿ ಬಿದ್ದಿರುತ್ತಿತ್ತು. ಒಮ್ಮೆ ಉರಿದ ಇದ್ದಲು ಅದು. ಮತ್ತೆ ಹೊತ್ತಿಸಿದರೆ ಹೊಗೆ ಬರುವುದಿಲ್ಲ, ಕಾವು ಮಾತ್ರ ಬಹಳ ಹೊತ್ತು ಇರುತ್ತದೆ. ವಾಡಿಯ ಚಾಳಿನ ಹೆಂಗಸರು ಅದನ್ನೇ ಆರಿಸಿ ತಂದು ಅಂಗಳದಲ್ಲಿ ಅಡುಗೆ ಮಾಡುತ್ತಿದ್ದರು. ಮೇಸ್ತ್ರಿಯನ್ನು ಕೇಳಿ, ಇಡೀ ಮಧ್ಯಾಹ್ನ ಕೂತು ಒಳ್ಳೊಳ್ಳೆಯ ತುಂಡು ಆರಿಸಿ ಒಂದು ಚೀಲ ತುಂಬಿದೆ. ಚೀಲದ ಬಾಯಿ ಹೊಲಿಯುವಾಗ ನನಗೆ ಎಂಥ ಹೆಮ್ಮೆ! ಮಗಳಿಗೆ ಅಪ್ಪ ಕಳಿಸುವ ಮೊದಲ ಉಡುಗೊರೆ.

“ಇದಕ ಹೊಗಿ ಇಲ್ಲ ಅಂತ ನಿಮ್ಮ ಅವ್ವಗ ಹೇಳು. ಬೆಳಕಿಂಡಿ ಮುಚ್ಚಿದ್ರೂ ನಡೀತದ” ಎಂದು ಬಸಣ್ಣನಿಗೆ ಹೇಳಿದೆ. ಈ ಮಾತನ್ನು ಹೇಳಿದವನು ನಾನೇ. ಯಾರೂ ನನ್ನ ಬಾಯಿಂದ ಹೇಳಿಸಲಿಲ್ಲ.

ಒಂಬತ್ತು ಹತ್ತು ದಿನ ಕಳೆದ ಮೇಲೆ ಬಸಣ್ಣನ ಕಾರ್ಡು ಬಂತು. ಚಳಿ ಹೆಚ್ಚಾಗಿದೆ, ನೀವು ಕಳಿಸಿದ ಇದ್ದಲಿಗೆ ಹೊಗೆಯೇ ಇಲ್ಲ, ಬೆಳಕಿಂಡಿ ಮುಚ್ಚಿ ಹಗಲೂ ರಾತ್ರಿ ಶೆಗಡಿ ಇಟ್ಟಿದ್ದೇವೆ, ಗಂಗಮ್ಮ ಆಯಿ ಇದ್ದಲಿ ಅಳಿಯಾ ಜಾಣ ಎಂದು ಓಣಿ ತುಂಬ ಹೇಳಿಕೊಂಡು ಬರುತ್ತಾಳೆ, ಅಕ್ಕನಿಗೆ ಮುಂಜಾನೆ ಏಳುವಾಗ ತಲೆನೋವು, ವಾಂತಿ ಬಂದಂತೆ ಆಗುತ್ತದೆ, ದೃಷ್ಟಿ ತೆಗೆಸಿ ದಾರ ಕಟ್ಟಿಸಿದ್ದೇವೆ, ಕೂಸು ಅಳುವುದು ಕಡಿಮೆ, ಬಹಳ ನಿದ್ದೆ ಮಾಡುತ್ತದೆ. ಇಷ್ಟೇ ಇತ್ತು. ನಾನು ಅದನ್ನು ಶೆಡ್ಡಿನಲ್ಲಿ ನಾಲ್ಕು ಮಂದಿಗೆ ಓದಿ ತೋರಿಸಿದೆ. “ನನ್ನ ಮಗಳು ಶಾಂತ ಸ್ವಭಾವದಾಕಿ” ಎಂದು ಜಂಬ ಬೇರೆ ಕೊಚ್ಚಿಕೊಂಡೆ.

ಕಾರ್ಡು ಬಂದ ಮರುದಿನ ಮುಂಜಾನೆ ಕೆಲಸ ಇಳಿದು ಪ್ಲಾಟ್‌ಫಾರ್ಮಿನಲ್ಲಿ ಚಹಾ ಕುಡಿಯುತ್ತಿದ್ದೆ. ಉತ್ತರದಿಂದ ಬರುವ ಗಾಡಿ ಹಿಂದಿನ ದಿನ ಬರಬೇಕಾದದ್ದು ಆಗ ಬಂತು. ಅದರಿಂದ ಒಬ್ಬ ಸಿಪಾಯಿ ಇಳಿದ. ಚಿಂಚೋಳಿ ಕಡೆಯವನು, ಹೆಸರು ಹಣಮಂತ, ರಜೆಯ ಮೇಲೆ ಊರಿಗೆ ಹೊರಟಿದ್ದ. ಅವನ ದೊಡ್ಡ ಕೋಟು ನೋಡಿ ಚಹಾದವನು, “ಆ ಕಡಿ ಥಂಡಿ ಹ್ಯಾಂಗದರಿ?” ಎಂದು ಕೇಳಿದ.

“ಥಂಡಿ ಕೊಲ್ಲೂದು ಬ್ಯಾರೆ. ಮಂದಿ ತಮ್ಮ ಕೈಲೇ ಸಾಯ್ಲಿಕತ್ತಾರ” ಅಂದ ಹಣಮಂತ. “ನಾವು ಇರೂ ಜಾಗದಾಗ ಬಾಜೂ ಖೋಲ್ಯಾಗ ಮೂರು ಮಂದಿ ಕೂಲಿಯವ್ರು. ಶೆಗಡಿ ಒಳಗಿಟ್ಟು ಬಾಗಲ ಹಾಕ್ಕೊಂಡು ಮಲಗಿದ್ರು. ಮುಂಜಾನಿ ಬಾಗಲ ಮುರದು ನಾವೇ ಹೊರಗ ತಂದ್ವಿ. ಮುಖ ನೋಡಿದ್ರ ಸತ್ತವ್ರು ಅನಸಲಿಲ್ಲ. ಕೆಂಪಗ, ನಿದ್ದಿ ಮಾಡಿದಂಗ ಇದ್ರು.”

“ಹೊಗಿ ಕುಡದಿರಬೇಕು” ಎಂದ ಚಹಾದವನು.

“ಹೊಗಿ ಇದ್ದಿದ್ರ ಉಳೀತಿದ್ರಪ್ಪ. ಕೆಮ್ಮು ಬಂದು ಎಚ್ಚರ ಆಗ್ತಿತ್ತು. ಅದು ಹೊಗಿ ಇಲ್ಲದ ಇದ್ದಲಿ. ಅದರಾಗಿಂದ ಒಂದು ವಿಷದ ಗಾಳಿ ಬರ್ತದಂತ. ವಾಸನಿ ಇಲ್ಲ, ಕಣ್ಣಿಗಿ ಕಾಣಂಗಿಲ್ಲ. ಮೊದಲ ತಲಿ ನೋಯ್ತದ, ವಾಂತಿ ಬಂದಂಗ ಆಗ್ತದ, ಆಮ್ಯಾಲ ಬರೇ ನಿದ್ದಿ. ಡಾಕ್ಟರ್ ಸಾಹೇಬ್ರು ನಮ್ಮನ್ನ ನಿಂದರಿಸಿ ಹೇಳ್ಯಾರ.”

ನಾನು ಕಪ್ಪನ್ನು ಕೆಳಗಿಟ್ಟೆ. ಕಿಸೆಯಲ್ಲಿ ಕಾರ್ಡು ಇತ್ತು. ತೆಗೆದು ಓದಿದೆ. ನಿನ್ನೆ ನಾಲ್ಕು ಮಂದಿಗೆ ಓದಿದ ಅದೇ ಅಕ್ಷರಗಳು. ತಲೆನೋವು. ವಾಂತಿ. ಬಹಳ ನಿದ್ದೆ. ಅಂಚೆಯ ಮುದ್ರೆ ನೋಡಿದರೆ ಅವನು ಬರೆದು ನಾಲ್ಕು ದಿನವಾಗಿತ್ತು. ನಾಲ್ಕು ದಿನದಲ್ಲಿ ಏನೇನು ಆಗಬಹುದು ಎಂದು ಎಣಿಸಲು ಹೋಗಿ, ಎಣಿಸಲಾರದೆ ಅಲ್ಲೇ ಕೂತೆ. ಹಣಮಂತ ನನ್ನ ಕೈಯಿಂದ ಕಾರ್ಡು ಇಸಿದುಕೊಂಡು ಓದಿದ. ಅವನ ಮುಖ ನೋಡಿದ ಮೇಲೆ ನನಗೆ ಉಳಿದ ಒಂದಿಷ್ಟು ಧೈರ್ಯವೂ ಹೋಯಿತು.

“ಏಳು. ನಾನೂ ಸೇಡಂ ತನಕ ಬರಾಂವ ಇದ್ದೀನಿ. ಜಲ್ದಿ ನಡಿ” ಎಂದ.

ಜಲ್ದಿ ಹೋಗುವುದು ಹೇಗೆ? ಹಳ್ಳಿಗೆ ಫೋನಿಲ್ಲ. ತಾರು ಕೊಟ್ಟರೆ ಸೇಡಂಗೆ ಮುಟ್ಟಬಹುದು, ಅಲ್ಲಿಂದ ಅದನ್ನು ಹೊಳೆ ದಾಟಿಸಿ ಒಯ್ಯುವವರು ಯಾರು? ಸೇಡಂ ಕಡೆಯ ಪ್ಯಾಸೆಂಜರ್ ಗಾಡಿ ಎರಡು ತಾಸು ತಡ ಅಂದರು. ಯಾರ್ಡಿನಲ್ಲಿ ಒಂದು ಗೂಡ್ಸ್ ಗಾಡಿ ಹೊರಡಲಿಕ್ಕೆ ನಿಂತಿತ್ತು. ಅದರ ಗಾರ್ಡನ ಕಾಲು ಹಿಡಿಯುವುದೊಂದು ಬಾಕಿ. ಅವನು ನಮ್ಮಿಬ್ಬರನ್ನೂ ತನ್ನ ಡಬ್ಬಿಗೆ ಹತ್ತಿಸಿಕೊಂಡ.

ಗಾಡಿ ಚಿತ್ತಾಪುರ ಮುಟ್ಟಿ ನಿಂತುಬಿಟ್ಟಿತು. ಎದುರಿನಿಂದ ಬರುವ ತಡವಾದ ಗಾಡಿಗಳಿಗೆಲ್ಲ ಮೊದಲು ದಾರಿ ಬಿಡಬೇಕಿತ್ತು. ಒಂದು ಹೋಯಿತು. ಮತ್ತೊಂದು ಹೋಯಿತು. ನಮ್ಮ ಸಿಗ್ನಲ್ ಬೀಳಲೇ ಇಲ್ಲ. ದಿಲ್ಲಿಯ ಮಂಜು ಅಷ್ಟು ದೂರದಿಂದ ಬಂದು ಚಿತ್ತಾಪುರದಲ್ಲಿ ನನ್ನ ಕುತ್ತಿಗೆ ಹಿಡಿದಂತಾಯಿತು. ನಾನು ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆದೆ. ದೇವರಿಗೆ ಹರಕೆ ಹೊರಲು ಹೋದರೆ ಒಂದು ದೇವರ ಹೆಸರೂ ಬಾಯಿಗೆ ಬರಲಿಲ್ಲ. ಈಗ ಶೆಗಡಿಗೆ ಇದ್ದಲು ಹಾಕುತ್ತಿರಬಹುದು, ಈಗ ಊದುತ್ತಿರಬಹುದು, ಈಗ ಬಾಗಿಲು ಎಳೆದಿರಬಹುದು. ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ. ಕೂಸಿನ ಮುಖವನ್ನು ನಾನಿನ್ನೂ ನೋಡಿರಲಿಲ್ಲ. ಹೆಸರಿಡುವ ದಿನವೇ ಅಪ್ಪ ಹೋಗಬೇಕು ಎಂಬ ಪದ್ಧತಿ. ಮುಖ ಗೊತ್ತಿಲ್ಲದ್ದರಿಂದ ನನ್ನ ಭಯಕ್ಕೆ ಒಂದು ಆಕಾರವೂ ಇರಲಿಲ್ಲ.

“ನಿನ್ನ ಹೆಂಡ್ತಿ ಗಟ್ಟಿ ಇದ್ದಾಳಲ್ಲ?” ಎಂದು ಹಣಮಂತ ಕೇಳಿದ. ಸಮಾಧಾನ ಹೇಳಬೇಕೆಂದು ಅವನು ಕೇಳಿದ್ದು. ಹನ್ನೆರಡು ದಿನದ ಹಿಂದೆ ಹಡೆದ ಹೆಂಗಸು ಎಷ್ಟು ಗಟ್ಟಿ ಇರುತ್ತಾಳೆ? ಅವನು ತನ್ನ ಕೋಟು ಬಿಚ್ಚಿ ನನ್ನ ಹೆಗಲಿಗೆ ಹಾಕಿದ.

ಸೇಡಂ ಮುಟ್ಟಿದಾಗ ಹೊತ್ತು ನೆತ್ತಿಯಿಂದ ಇಳಿದಿತ್ತು. ಹಣಮಂತ ಚಿಂಚೋಳಿ ಬಸ್ಸಿಗೆ ಹೋಗಬೇಕಿತ್ತು. ಹೋಗುವಾಗ ನನ್ನ ಎರಡೂ ಭುಜ ಹಿಡಿದು ಹೇಳಿದ: “ಮೊದಲ ಬಾಗಲ ತಗಿ, ಬೆಳಕಿಂಡಿ ತಗಿ. ಮಾತು ಆಮ್ಯಾಲ. ಯಾರು ಬೈದ್ರೂ ಕೇಳಬ್ಯಾಡ.” ಅವನನ್ನು ಮತ್ತೆ ನಾನು ನೋಡಲಿಲ್ಲ. ಕೋಟು ನನ್ನ ಹತ್ತಿರವೇ ಉಳಿಯಿತು.

ಎರಡು ಹರದಾರಿಯನ್ನು ಓಡಿದೆನೋ ನಡೆದೆನೋ ನೆನಪಿಲ್ಲ. ಕಾಗಿಣಾದಲ್ಲಿ ತೊಡೆಮಟ್ಟ ನೀರು. ಹರಗೋಲು ದಂಡೆಯಲ್ಲಿ ಬೋರಲು ಬಿದ್ದಿತ್ತು. ಧೋತರ ಎತ್ತಿ ಕಟ್ಟಿ ನೀರಿಗಿಳಿದೆ. ಕಾಲು ಇದೆಯೋ ಇಲ್ಲವೋ ತಿಳಿಯದಷ್ಟು ತಣ್ಣಗಿತ್ತು. ಆಚೆ ದಂಡೆ ಹತ್ತಿದವನು ಅಲ್ಲೇ ನಿಂತುಬಿಟ್ಟೆ.

ಅವರ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ, ಹೊಳೆಯ ದಂಡೆಯಲ್ಲಿ ಮಣ್ಣು ಮಾಡುತ್ತಾರೆ. ಜಾಲಿಗಿಡದ ಬುಡದಲ್ಲಿ ಒಂದು ಹೊಸ ಮಣ್ಣಿನ ಗುಡ್ಡೆ ಇತ್ತು. ಮೇಲೆ ಅರಿಶಿನ ಕುಂಕುಮ, ಒಂದು ಹಸಿರು ಬಳೆ, ಒಣಗಿದ ಹೂವು. ಯಾವ ವಯಸ್ಸಿನ ಹೆಣ್ಣಿಗೂ ಅವರಲ್ಲಿ ಬಳೆ ಇಡುತ್ತಾರೆ. ಹೆಣ್ಣು. ಮಣ್ಣಿನ ಮೇಲಿನ ಪಸೆ ಇನ್ನೂ ಪೂರ್ತಿ ಆರಿರಲಿಲ್ಲ.

ನಾನು ಮಾಡಿದ್ದನ್ನು ಹೇಳಲು ಇಂದಿಗೂ ನಾಚಿಕೆಯಾಗುತ್ತದೆ. ಆ ಗುಡ್ಡೆಯನ್ನು ಪಾದದಿಂದ ಅಳೆದೆ. ಒಂದು ಪಾದದ ಮುಂದೆ ಇನ್ನೊಂದು ಪಾದ ಇಡುತ್ತ ತಲೆಯಿಂದ ಕಾಲ ತನಕ ನಡೆದೆ. ಆರು ಪಾದಕ್ಕೆ ಸ್ವಲ್ಪ ಕಡಿಮೆ. ಕೂಸಲ್ಲ. ಕೂಸಲ್ಲದಿದ್ದರೆ? ಮಹಾದೇವಿಯ ಎತ್ತರ ನನ್ನ ಭುಜಕ್ಕೆ ಬರುತ್ತದೆ. ಕೂಸನ್ನು ಬೇರೆ ಮಾಡದೆ ತಾಯಿಯ ಎದೆಯ ಮೇಲೆ ಇಟ್ಟಿದ್ದರೆ? ಅಲ್ಲೇ ಮಣ್ಣಿನಲ್ಲಿ ಕೂತೆ.

“ಸುದ್ದಿ ಮುಟ್ಟಿತೇನು ಅಳಿಯಾ? ಬಸಣ್ಣ ಮನ್ನಿ ಕಾರ್ಡ್ ಹಾಕ್ಯಾನ” ಎಂದು ಯಾರೋ ಅಂದರು. ಮಾವನ ತಮ್ಮ ಸಾಬಣ್ಣ ಕಾಕಾ, ಬಲೆ ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದರು. ನಾನು ಅವರ ಬಾಯನ್ನೇ ನೋಡಿದೆ. ಯಾರು ಎಂದು ಕೇಳುವ ಧೈರ್ಯ ನನಗಿರಲಿಲ್ಲ.

“ಏನ ಮಾಡೂದು, ವಯಸ್ಸಾಗಿತ್ತು ಮುದುಕಿಗಿ. ಥಂಡಿ ತಡಕೊಳ್ಳಲಿಲ್ಲ. ಮಲಗಿದಲ್ಲೇ ಹೋದಳು. ಪುಣ್ಯವಂತಿ” ಎಂದರು.

ಗಂಗಮ್ಮ ಆಯಿ. ಮಹಾದೇವಿಯಲ್ಲ, ಕೂಸಲ್ಲ. ಆಯಿ.

ನನಗೆ ಸಂತೋಷವಾಯಿತು. ಇದನ್ನು ಬರೆದುಬಿಡಬೇಕು. ಅವಳ ಮಣ್ಣಿನ ಮೇಲೆ ಕೈ ಊರಿಕೊಂಡು ಕೂತವನಿಗೆ ಎದೆ ತುಂಬ ಸಂತೋಷ ಬಂತು, ನಗು ಬಂದುಬಿಡುತ್ತದೇನೋ ಎಂದು ಬಾಯಿ ಮುಚ್ಚಿಕೊಂಡೆ. ಕಾಕಾ ನಾನು ಅಳುತ್ತಿದ್ದೇನೆಂದು ತಿಳಿದು ಬೆನ್ನು ಸವರಿದರು.

“ಬಾಣಂತಿ ಖೋಲ್ಯಾಗೇ ಮಲಗ್ತಿದ್ದಳು ಪಾಪ. ನೀ ಕಳಿಸಿದ ಇದ್ದಲಿ ಭಾಳ ಬೆಚ್ಚಗ ಅದ ಅಂತ ಶೆಗಡಿ ಬಾಜೂಕ ಹಾಸಿಕೋತಿದ್ದಳು. ಅಷ್ಟು ಬೆಚ್ಚಗ ಇದ್ರೂ ಥಂಡಿ ಬಿಡಲಿಲ್ಲ ನೋಡು” ಎಂದರು ಕಾಕಾ.

ಆ ಸಂತೋಷ ಎಷ್ಟು ಹೊತ್ತಿನದು? ಅವರು ಈ ಮಾತು ಮುಗಿಸುವಷ್ಟು ಹೊತ್ತಿನದು. ಎದ್ದು ಮನೆಯ ಕಡೆ ಓಡಿದೆ.

ಪಡಸಾಲೆಯಲ್ಲಿ ಮಾವ, ಬಸಣ್ಣ ಕೂತಿದ್ದರು. ಅಳಿಯ ಬಂದನೆಂದು ಎದ್ದು ನಿಂತರು. ನಾನು ಅವರನ್ನು ದಾಟಿ ಒಳಕೋಣೆಯ ಬಾಗಿಲು ದೂಡಿದೆ. ಗಂಡಸರು ಕಾಲಿಡಬಾರದ ಕೋಣೆ ಅದು. ಒಳಗೆ ಕತ್ತಲೆ, ಬೆಚ್ಚಗಿನ ಕತ್ತಲೆ. ಹೊರಸಿನ ಕೆಳಗೆ ಶೆಗಡಿ ಕೆಂಪಗೆ ಹೊಳೆಯುತ್ತಿತ್ತು. ಹೊಗೆ ಒಂದು ಎಳೆಯೂ ಇರಲಿಲ್ಲ.

“ಮಾದೇವಿ” ಎಂದೆ. ಉತ್ತರವಿಲ್ಲ.

“ಮಾದೇವಿ!”

ಕಾಲು ಹಿಡಿದು ಅಲುಗಿಸಿದೆ. ಎಷ್ಟೋ ಹೊತ್ತಿನ ಮೇಲೆ, “ಹ್ಞಾಂ... ಯಾರು? ತಲಿ ಸಿಡೀಲಿಕತ್ತದ” ಎಂದಳು. ಅವಳ ಮಗ್ಗುಲಲ್ಲಿ ಕೌದಿಯ ಗಂಟು. ಅದನ್ನು ಎತ್ತಿಕೊಂಡೆ. ಕೂಸಿನ ತಲೆ ಒಂದು ಕಡೆ ವಾಲಿತು. ಹಾಗೇ ಎದೆಗವಚಿಕೊಂಡು ಅಂಗಳಕ್ಕೆ ಬಂದು ಆ ಚಳಿಯಲ್ಲಿ ಕೌದಿ ತೆರೆದೆ. ಮುಖಕ್ಕೆ ಗಾಳಿ ಬಡಿಯಿತು. ಕೂಸು ಸುಮ್ಮನಿತ್ತು. ಆಮೇಲೆ ಮೂಗು ಸಿಂಡರಿಸಿತು. ಆಮೇಲೆ ಅತ್ತಿತು, ಬಹಳ ಸಣ್ಣಗೆ, ಯಾರಿಗೋ ತೊಂದರೆ ಕೊಡುತ್ತಿದ್ದೇನೆ ಎಂಬಂತೆ.

ಅತ್ತೆ ಚಂದಮ್ಮ ಹಿತ್ತಲಿನಿಂದ ಓಡಿ ಬಂದವರು ಕೂಸನ್ನು ಕಸಿದುಕೊಂಡರು. “ಹುಚ್ಚ ಹಿಡದದೇನು ನಿನಗ? ಹಸಿ ಕೂಸು! ಈ ಥಂಡ್ಯಾಗ ಹೊರಗ ತರ್ತಾರೇನು?” ನಾನು ನಿಚ್ಚಣಿಕೆ ಹಾಕಿ ಮಾಳಿಗೆ ಹತ್ತಿ ಬೆಳಕಿಂಡಿಯ ಮೇಲಿನ ಪರಸಿಯನ್ನು ಎಳೆದು ಆಚೆ ಒಗೆದೆ. ಅದು ಎರಡು ತುಂಡಾಯಿತು. ಮಾವ ಕೆಳಗಿನಿಂದ ಕೂಗುತ್ತಿದ್ದರು. ಮುದುಕಿ ಥಂಡಿಗೆ ಹೋಗಿ ಮೂರು ದಿನವಾಗಿಲ್ಲ, ಈಗ ಬಾಣಂತಿಯನ್ನೂ ಕೊಲ್ಲಲು ಬಂದೆಯಾ ಎಂದು. ಬಸಣ್ಣ ಇನ್ನೊಂದು ಪರಸಿ ಹೊತ್ತುಕೊಂಡು ನಿಚ್ಚಣಿಕೆಯ ಕಡೆ ಬಂದ.

ಅವರದೇನು ತಪ್ಪು? ಹೊಗೆ ಇಲ್ಲ, ವಾಸನೆ ಇಲ್ಲ. ಎಲ್ಲರ ಕಣ್ಣ ಮುಂದೆ ಚಳಿಯೊಂದೇ ಇತ್ತು. ಬೆಳಕಿಂಡಿ ಏಕೆ ತೆರೆಯಬೇಕೆಂದು ಹೇಳಿದರೆ, ಆಯಿ ಹೇಗೆ ಸತ್ತಳೆಂಬುದನ್ನೂ ಹೇಳಿದಂತೆ. ಹೇಳದಿದ್ದರೆ ನಾನು ಬೆನ್ನು ತಿರುಗಿಸಿದ ಕೂಡಲೇ ಅದನ್ನು ಮತ್ತೆ ಮುಚ್ಚುತ್ತಾರೆ. ಮಾಳಿಗೆಯ ಮೇಲೆ ನಿಂತು ನಾನು ಮೊದಲು ಯೋಚಿಸಿದ್ದು ಏನು ಗೊತ್ತೇ? ಏನಾದರೂ ಸುಳ್ಳು ಹೇಳಿ ಪಾರಾಗಲು ಬರುತ್ತದೆಯೇ ಎಂದು. ಸುಳ್ಳು ಹೊಳೆಯಲಿಲ್ಲ.

ಇಳಿದು ಅತ್ತೆಯನ್ನು ಹಿತ್ತಲಿಗೆ ಕರೆದೆ.

“ಅತ್ತಿ, ಆಯಿ ಥಂಡಿಗಿ ಹೋಗಿಲ್ಲ” ಎಂದೆ.

ಹಣಮಂತ ಹೇಳಿದ್ದನ್ನೆಲ್ಲ ಹೇಳಿದೆ. ಅವರು ಕೂಸನ್ನು ಸೆರಗಿನೊಳಗೆ ಹಿಡಿದುಕೊಂಡು ಕೇಳಿದರು. ನಡುವೆ ಒಂದೇ ಒಂದು ಮಾತು ಕೇಳಿದರು: “ಮುಖ ಕೆಂಪಗ ಇದ್ದುವು ಅಂದನೇನು?” ಹೌದೆಂದೆ. ಅವರು ಅಲ್ಲೇ ಒರಳಕಲ್ಲಿನ ಮೇಲೆ ಕೂತರು. ಆಯಿಗೆ ಕಡೆಯ ನೀರು ಹಾಕಿದವರು ಅವರೇ. ಹೊಳೆಯ ದಾರಿಯಲ್ಲಿ ಊರವರೆಲ್ಲ, ಸತ್ತ ಮುದುಕಿಗೆ ಮದುವಣಗಿತ್ತಿಯ ಕಳೆ ಬಂದಿದೆ ಎಂದು ಕೈ ಮುಗಿದಿದ್ದರಂತೆ.

“ಆ ರಾತ್ರಿ ಬಾಗಲ ಮುಂದ ಮಲಗಾಕಿ ನಾ. ಸಂದಿನಾಗಿಂದ ಗಾಳಿ ಬರ್ತದಂತ ಅರಿವಿ ತುರುಕಿದ್ದೆ. ಮಾದೇವಿ ಎದ್ದು ಹೊರಗ ಹೋಗಿ ಬಂದಳು, ಬಾಗಲ ಅರ್ಧ ತಗದಿತ್ತು. ಇಲ್ಲಂದ್ರ...” ಎಂದು ನಿಲ್ಲಿಸಿದರು.

ಆಮೇಲೆ ಎದ್ದು ಒಳಗೆ ಹೋಗಿ ಶೆಗಡಿಯನ್ನು ತಾವೇ ಎತ್ತಿ ತಂದು ಅಂಗಳದಲ್ಲಿ ಸುರಿದು ಕೊಡ ನೀರು ಹೊಯ್ದರು. ಗಂಡನಿಗೂ ಮಗನಿಗೂ, “ಅಳಿಯಗ ಡಾಕ್ಟರ್ ಹೇಳ್ಯಾರ, ಬಾಣಂತಿಗಿ ಈ ಇದ್ದಲಿ ಕೂಡೂದಿಲ್ಲಂತ. ಬೆಳಕಿಂಡಿ ತಗದೇ ಇರಲಿ” ಎಂದರು. ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. “ಮಾದೇವಿಗಿ ಹೇಳಬ್ಯಾಡ. ಹಸಿ ಬಾಣಂತಿ, ಎದಿ ಒಡದು ಹಾಲು ಬತ್ತತಾವ. ಆಮ್ಯಾಲ ನೋಡೂಣು.”

ಆ ಆಮೇಲೆ ಎಂಬುದು ಬರಲೇ ಇಲ್ಲ. ಅರ್ಧ ಚೀಲ ಇದ್ದಲು ಉಳಿದಿತ್ತು. ಬಸಣ್ಣ ಅದನ್ನು ಹೊಳೆಗೆ ಒಯ್ದು ಚೆಲ್ಲಿ ಬಂದ.

ಇನ್ನೊಂದು ಭಯ ಅಂದಿನಿಂದ ಶುರುವಾಯಿತು. ಬೆಂಕಿ ತೆಗೆದೆವು, ಬೆಳಕಿಂಡಿ ತೆರೆದೆವು, ಆದರೆ ಚಳಿ ಎಲ್ಲಿ ಹೋಗುತ್ತದೆ? ಆ ವಾರ ಚಳಿ ಮತ್ತಷ್ಟು ಜೋರಾಯಿತು. ಕೂಸಿಗೆ ಏನಾದರೂ ಆದರೆ ಆ ಪಾಪವೂ ನನ್ನದೇ. ಕೂಸನ್ನು ನೆಲಕ್ಕೂ ಹೊರಸಿಗೂ ಇಳಿಸದೆ ಒಬ್ಬರ ಎದೆಯಿಂದ ಇನ್ನೊಬ್ಬರ ಎದೆಗೆ ದಾಟಿಸಿದೆವು. ಮಹಾದೇವಿ, ಅತ್ತೆ, ಬಸಣ್ಣನ ಹೆಂಡತಿ. ನನ್ನ ಪಾಳಿಯೂ ಬಂತು. ಅಂಗಿ ಬಿಚ್ಚಿ, ಕೂಸನ್ನು ಬರಿ ಎದೆಗೆ ಹಚ್ಚಿಕೊಂಡು, ಮೇಲೆ ಸಿಪಾಯಿಯ ಕೋಟು ಹಾಕಿಕೊಂಡು ಬಿಸಿಲಿಗೆ ಬೆನ್ನು ಕೊಟ್ಟು ಕೂತೆ. ಅಪ್ಪನಾದವನು ಹಾಗೆ ಕೂತದ್ದನ್ನು ಊರವರು ನೋಡಿ ನಕ್ಕರು. ನಾನು ಮಾತ್ರ ಅದರ ಉಸಿರು ಎಣಿಸುತ್ತಿದ್ದೆ. ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ ಶುರು. ನಾಲ್ಕು ದಿನಕ್ಕೆ ಮಹಾದೇವಿಯ ತಲೆನೋವು ಹೋಯಿತು. “ದಾರ ಕಟ್ಟಿಸಿದ್ದು ಛಲೋ ಆತು” ಎಂದಳು ಪಾಪ. ಕೂಸು ಗಂಟಲು ಹರಿಯುವಂತೆ ಅಳತೊಡಗಿತು. ಅಂಥ ಚಂದದ ಅಳು ನಾನು ಕೇಳಿಲ್ಲ.

ಸೂತಕ ಕಳೆದು ತೊಟ್ಟಿಲಿಗೆ ಹಾಕುವ ದಿನ ಬಂತು. ಅಷ್ಟು ಹೊತ್ತಿಗೆ ಚಳಿ ಸಡಿಲಿತ್ತು, ಗಾಡಿಗಳು ಹೊತ್ತಿಗೆ ಸರಿಯಾಗಿ ಬರುತ್ತಿದ್ದವು. ನಾನು ಮನಸ್ಸಿನಲ್ಲೇ ಒಂದು ಹೆಸರು ಆರಿಸಿಟ್ಟುಕೊಂಡಿದ್ದೆ. ಅದನ್ನು ಹೇಳುವ ಮೊದಲೇ ಮಾವ, “ಹೆಸರು ಇನ್ನೇನು ಕೇಳ್ತೀರಿ? ಮುದುಕಿ ಹೋದ ಮನ್ಯಾಗ ಬಂದಾಳ, ಗಂಗಮ್ಮ ಅಂತ ಇಡ್ರಿ” ಎಂದರು. ಹಿರಿಯರು ಹೋದ ಮನೆಯಲ್ಲಿ ಹಸುಗೂಸಿಗೆ ಅವರ ಹೆಸರೇ ಇಡುವುದು ಅಲ್ಲಿಯ ರೂಢಿ. ಹೆಂಗಸರೆಲ್ಲ ಹೌದು ಹೌದು ಎಂದರು. ಮಹಾದೇವಿ ಕಣ್ಣೀರು ಒರೆಸಿಕೊಂಡು ನನ್ನ ಕಡೆ ನೋಡಿದಳು. ನಾನು ಅತ್ತೆಯ ಕಡೆ ನೋಡಿದೆ. ಅವರು ತಲೆ ತಗ್ಗಿಸಿ ತೊಟ್ಟಿಲಿನ ಹಗ್ಗ ಸರಿ ಮಾಡುತ್ತಿದ್ದರು. ಬೇಡವೆನ್ನಲು ನನ್ನಲ್ಲಿ ಯಾವ ಕಾರಣವಿತ್ತು? ಇದ್ದ ಒಂದೇ ಕಾರಣವನ್ನು ಹೇಳುವಂತಿರಲಿಲ್ಲ. ನನ್ನ ಅಕ್ಕ ಕೂಸಿನ ಕಿವಿಯಲ್ಲಿ ಮೂರು ಸಲ ಆ ಹೆಸರು ಕರೆದಳು, ಪದ್ಧತಿಯಂತೆ ಹೆಂಗಸರು ಅವಳ ಬೆನ್ನಿಗೆ ಗುದ್ದಿ ನಕ್ಕರು.

ಅತ್ತೆ ಹೋಗಿ ಬಹಳ ವರ್ಷವಾಯಿತು. ಅವರು ಯಾರಿಗೂ ಹೇಳಲಿಲ್ಲ. ಮಹಾದೇವಿಯೂ ಈಗಿಲ್ಲ, ಅವಳಿಗೆ ಹೇಳುವ ಧೈರ್ಯ ನನಗೆ ಕೊನೆಯ ತನಕ ಬರಲಿಲ್ಲ. ಮಗಳು ನನ್ನ ಜೊತೆಗೇ ಇದ್ದಾಳೆ. ಅವಳ ತಲೆಗೂದಲೂ ನರೆತಿದೆ, ಬಾಯಿ ಮಾತ್ರ ಆ ಮುದುಕಿಯದೇ, ನನ್ನನ್ನು ಕಾಡಿಸದೆ ಒಂದು ದಿನ ಬಿಡುವುದಿಲ್ಲ. ಮುಂಜಾನೆ ಎದ್ದ ಕೂಡಲೇ ನಾನು ನಡುಮನೆಯಲ್ಲಿ ನಿಂತು ಅವಳ ಕೋಣೆಯ ಕಡೆ ಮುಖ ಮಾಡಿ, “ಗಂಗಮ್ಮಾ” ಎಂದು ಕೂಗುತ್ತೇನೆ. ಒಮ್ಮೊಮ್ಮೆ ಅವಳು ಗಾಢ ನಿದ್ದೆಯಲ್ಲಿರುತ್ತಾಳೆ, ಮೊದಲ ಕೂಗಿಗೆ ಏಳುವುದಿಲ್ಲ. ಮತ್ತೆ ಕೂಗುತ್ತೇನೆ. ಒಳಗಿನಿಂದ “ಏನಪ್ಪಾ” ಎಂದು ದನಿ ಬರುವ ತನಕ ಗೋಡೆ ಹಿಡಿದುಕೊಂಡು ನಿಂತಿರುತ್ತೇನೆ.